ನಾಲ್ಕೂ ಒಂದೇ ಬಣ್ಣದ ಬಾಟಲಿಗಳು

ಮಾರ್ಚ್ ೩, ಮಂಗಳವಾರ

ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾಗದವನ್ನು ಮುಂದೆ ಹಿಡಿದು, ಗೆರೆಗಳು ನೆಟ್ಟಗಿವೆಯೋ ಡೊಂಕಾಗಿವೆಯೋ ಹೇಳಿ ಎಂದರು. ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆದು ನಿವೃತ್ತನಾದವನಿಗೆ ಗೆರೆಯ ಪಾಠ. ನಡುವೆ ಡೊಂಕಾಗಿವೆ, ಅಚ್ಚು ಹಾಕಿದವನು ಕುಡಿದಿದ್ದನೋ ಏನೋ ಎಂದೆ. ಅವರಿಗೆ ನಗು ಬರಲಿಲ್ಲ. ಎರಡೂ ಕಣ್ಣಿನ ನಡುವಿನ ನೋಟ ಸವೆಯುತ್ತಿದೆಯಂತೆ, ಬದಿಯ ನೋಟ ಉಳಿಯುತ್ತದಂತೆ, ಕನ್ನಡಕ ಬದಲಿಸಿ ಉಪಯೋಗವಿಲ್ಲವಂತೆ. ಗಾಡಿ ಓಡಿಸ್ತೀರಾ ಎಂದು ಕೇಳಿದರು. ಇಲ್ಲ, ಸೈಕಲ್ ಮಾತ್ರ, ಹೆಂಡತಿಯ ಜೊತೆ ಜೋಡಿ ಸೈಕಲ್ ಎಂದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಇನ್ನು ನೀವು ಮುಂದೆ ಕೂತು ಓಡಿಸೋದು ಬೇಡ. ಹಿಂದೆ ಒಬ್ಬರನ್ನ ಕೂರಿಸ್ಕೊಂಡಂತೂ ಬೇಡವೇ ಬೇಡ" ಎಂದರು. ಅದನ್ನೇ ಚೀಟಿಯಲ್ಲೂ ಬರೆದುಕೊಟ್ಟರು. ಚೀಟಿಯನ್ನು ಸುರುಳಿ ಸುತ್ತಿ ಹಳೆಯ ನಕ್ಷೆಗಳ ಕೊಳವೆಯೊಳಗೆ ಹಾಕಿದ್ದೇನೆ. ಇವಳು ಶಾಲೆಯಿಂದ ಬಂದು ಏನಂದರು ಎಂದು ಕೇಳಿದಳು. ಪೊರೆ ಬರುತ್ತಿದೆಯಂತೆ, ಇನ್ನೂ ಬಲಿತಿಲ್ಲವಂತೆ ಎಂದೆ.

ಹನ್ನೆರಡು ವರ್ಷದಿಂದ ಪ್ರತಿ ಮೇ ತಿಂಗಳಲ್ಲೂ ನಾವಿಬ್ಬರು ದೊಡ್ಡ ಕೆರೆಯ ಸುತ್ತು ಹೋಗುತ್ತೇವೆ. ನೂರಹತ್ತು ಕಿಲೋಮೀಟರ್, ಒಂದೇ ದಿನ, ಒಂದೇ ಸೈಕಲ್. ಹ್ಯಾಂಡಲ್, ಬ್ರೇಕು, ಗೇರು ಎಲ್ಲ ಮುಂದಿನವನ ಕೈಯಲ್ಲಿ. ಹಿಂದಿನವರ ಹ್ಯಾಂಡಲ್ ಹಿಡಿದುಕೊಳ್ಳಲು ಮಾತ್ರ, ಅದು ತಿರುಗುವುದಿಲ್ಲ. ಈ ಸಲ ಮೇ ಹದಿನೇಳು. ಡಾಕ್ಟರು ಸೈಕಲ್ ಹತ್ತಿದವರ ಹಾಗೆ ಕಾಣಲಿಲ್ಲ, ಅವರಿಗೇನು ಗೊತ್ತು. ಸುತ್ತು ಮುಗಿದ ಮೇಲೆ ಇವಳಿಗೆ ಹೇಳಿದರಾಯಿತು.

ಮಾರ್ಚ್ ೮, ಭಾನುವಾರ

ಹಳೆಯ ಬಾಟಲಿಗಳನ್ನು ಎಸೆದೆ. ಮುಚ್ಚಳದ ಸಂದಿಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ ಎಂದು ಇವಳೇ ತೋರಿಸಿದ್ದು. ನಾನು ನೋಡಿರಲಿಲ್ಲ. ಅವುಗಳ ಜೊತೆ ಕೇಜುಗಳೂ ಹೋಗಲಿ ಎಂದೆ. ಬಾಟಲಿ ಹಿಡಿಯುವ ಆ ತಂತಿಯ ತೊಟ್ಟಿಲುಗಳು ಹನ್ನೆರಡು ವರ್ಷದಲ್ಲಿ ಅಗಲವಾಗಿ, ಗುಂಡಿಗೆ ಇಳಿದಾಗಲೆಲ್ಲ ಬಾಟಲಿಯನ್ನು ರಸ್ತೆಗೆ ಉಗುಳುತ್ತಿದ್ದವು.

ಸೈಕಲ್ ಅಂಗಡಿಯವನನ್ನು ಎಲ್ಲರೂ ಪಂಡಿತ ಎನ್ನುತ್ತಾರೆ. ಒಂದು ನಟ್ಟು ಕೇಳಿದರೆ ನಟ್ಟಿನ ಪುರಾಣ ಹೇಳಿ ಕೊಡುವವನು. ಇವತ್ತು ಮೂರು ತರಹದ ಕೇಜು ಹರಡಿದ. ಅಲ್ಯುಮಿನಿಯಂ ಆದರೆ ಬಾಟಲಿಗೆ ಕಪ್ಪು ಗೀರು ಬೀಳುತ್ತದೆ, ಆದರೆ ಸಡಿಲವಾದರೆ ಕೈಯಲ್ಲೇ ಬಗ್ಗಿಸಿ ಬಿಗಿ ಮಾಡಬಹುದು. ಪ್ಲಾಸ್ಟಿಕ್ಕಿನದು ತಾನೇ ಬಿಗಿ, ಆದರೆ ಮುರಿದರೆ ಮುರಿಯಿತು. ಕಾರ್ಬನ್ನಿನದು ಕೈಯಲ್ಲಿಟ್ಟರೆ ಇಟ್ಟ ಹಾಗೇ ಇಲ್ಲ. ಅರವತ್ತೆರಡು ವರ್ಷದ ನನ್ನ ಮೈಯಲ್ಲಿ ಆರು ಕಿಲೋ ಹೆಚ್ಚಿರುವಾಗ ಕೇಜಿನಲ್ಲಿ ಮೂವತ್ತು ಗ್ರಾಂ ಉಳಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಲ್ಯುಮಿನಿಯಂ ಸಾಕು ಎಂದೆ.

ಬಾಟಲಿಯ ಅಡ್ಡಳತೆ ನೋಡಲು ನನ್ನ ವರ್ನಿಯರ್ ಕ್ಯಾಲಿಪರ್ ಒಯ್ದಿದ್ದೆ. ಅರವತ್ತೆಂಟು ಮಿಲಿಮೀಟರ್ ಎಂದು ಹೇಳಿದೆ. ಪಂಡಿತ ಇಣುಕಿ, ಎಪ್ಪತ್ಮೂರು ಇದೆಯಲ್ಲ ಸಾರ್, ಎಲ್ಲಾ ಕಂಪನಿದೂ ಅಷ್ಟೇ ಇರುತ್ತೆ ಎಂದ. ಅಂಗಡಿಯಲ್ಲಿ ಬೆಳಕಿಲ್ಲ. ಒಂದು ದೀಪ ಹಾಕಿಸು ಮಾರಾಯ ಎಂದು ಬೈದು ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಇವನು ಕತ್ತಲಲ್ಲಿ ವ್ಯಾಪಾರ ಮಾಡಿ ನನ್ನ ಅಳತೆ ತಪ್ಪು ಅನ್ನುತ್ತಾನೆ.

ಮಾರ್ಚ್ ೧೫, ಭಾನುವಾರ

ಬಾಟಲಿ ಆರಿಸಲು ಇವಳೂ ಬಂದಿದ್ದಳು. ಎರಡನೇ ತರಗತಿಗೆ ಪಾಠ ಹೇಳುವ ಮೇಷ್ಟ್ರಮ್ಮ, ಅಂಗಡಿಯನ್ನೂ ತರಗತಿ ಮಾಡಿಕೊಳ್ಳುತ್ತಾಳೆ. ಪ್ರತಿ ಬಾಟಲಿಯನ್ನು ಹಿಂಡಿ, ಮೂತಿಯನ್ನು ಎಳೆದು, ಮುಚ್ಚಳ ತೆಗೆದು ಒಳಗೆ ಕೈ ಹೋಗುತ್ತದೆಯೇ ನೋಡಿದಳು. ತೊಳೆಯಲು ಬಾರದ ಬಾಟಲಿ ಎಷ್ಟು ಚೆಂದವಿದ್ದರೂ ಬೇಡವಂತೆ. ಅದು ಸರಿ. ಆಮೇಲೆ ಪಾರದರ್ಶಕ ಬಾಟಲಿ ಬೇಕು, ನೀರು ಎಷ್ಟು ಉಳಿದಿದೆ ಕಾಣಬೇಕು ಎಂದಳು. ಎರಡು ಬಿಳಿ, ಎರಡು ಹಳದಿ ಇದ್ದರೆ ನೀರು ಯಾವುದು, ಉಪ್ಪು ನಿಂಬೆ ಹಾಕಿದ್ದು ಯಾವುದು ಗೊತ್ತಾಗುತ್ತೆ ಎಂದಳು.

ನಾನು ನಾಲ್ಕೂ ಕಪ್ಪು ತೆಗೆದುಕೊಂಡೆ. ಎರಡು ಪದರದವು, ಬಿಸಿಲಿಗೆ ನೀರು ಕಾಯುವುದಿಲ್ಲ. ನಿಜ ಹೇಳಬೇಕೆಂದರೆ, ಪಂಡಿತ ಕೌಂಟರಿನ ಮೇಲೆ ಬಿಳಿ ಹಳದಿ ಸಾಲಾಗಿ ಇಟ್ಟಾಗ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಇವಳು ಆ ಹಳದಿ ಕೊಡಿ ಎಂದಳು, ನಾನು ಬಿಳಿಯದನ್ನು ಎತ್ತಿ ಕೊಟ್ಟೆ. ಅದಕ್ಕೇ ಕಪ್ಪು. ನಾಲ್ಕೂ ಒಂದೇ ಇದ್ದರೆ ತಪ್ಪುವ ಮಾತೇ ಇಲ್ಲ.

"ಒಂದಾದ್ರೂ ಬೇರೆ ಬಣ್ಣದ್ದು ಇರಲಿ ರೀ" ಎಂದಳು ಬಾಗಿಲಲ್ಲಿ. ನಕ್ಷೆಯಲ್ಲಿ ಒಂದೇ ಅಳತೆಯ ಕೊಳವೆಗೆ ಒಂದೇ ಬಣ್ಣ ಎಂದೆ.

ಮಾರ್ಚ್ ೨೯, ಭಾನುವಾರ

ಕೇಜು ಕೂರಿಸಿದೆ. ಮುಂದಿನ ಸೀಟಿನ ಕೆಳಗೆ ಎರಡು, ಹಿಂದಿನ ಸೀಟಿನ ಕೆಳಗೆ ಎರಡು. ಇವಳ ಕೈ ಗಿಡ್ಡ, ಅದಕ್ಕೆ ಹಿಂದಿನ ಎರಡಕ್ಕೂ ಬದಿಯಿಂದ ಎಳೆದುಕೊಳ್ಳುವ ತರಹದ ಕೇಜು. ಒಂದು ಸ್ಕ್ರೂ ನೆಲಕ್ಕೆ ಬಿದ್ದು ಮುಕ್ಕಾಲು ಗಂಟೆ ಸಿಗಲಿಲ್ಲ. ನೇರ ನೋಡಿದರೆ ಇಲ್ಲ, ತಲೆ ಆಚೆ ತಿರುಗಿಸಿದರೆ ಅಲ್ಲೇ ಮಿನುಗುತ್ತದೆ. ಹಾಳಾದ್ದು, ಸ್ಕ್ರೂಗೂ ನನ್ನ ಮೇಲೆ ಮುನಿಸು.

ಕೊನೆಗೆ ನಾಲ್ಕೂ ಕೂತವು. ಬಾಟಲಿ ಒತ್ತಿದರೆ ಟಕ್ ಎಂದು ಹಿಡಿಯುತ್ತವೆ. ಇವಳು ಬಂದು ಎಳೆದು ನೋಡಿ, ಚೆನ್ನಾಗಿದೆ ಎಂದಳು.

ಏಪ್ರಿಲ್ ೧೨, ಭಾನುವಾರ

ಅರವತ್ತು ಕಿಲೋಮೀಟರ್ ಅಭ್ಯಾಸ. ಎಲ್ಲೂ ಕಾಲೂರಲಿಲ್ಲ, ಮಾರುಕಟ್ಟೆ ಇಳಿಜಾರನ್ನೂ ಬ್ರೇಕು ಹಿಡಿಯದೆ ಇಳಿದೆ. ಡಾಕ್ಟರು ಇದ್ದಿದ್ದರೆ ತೋರಿಸುತ್ತಿದ್ದೆ. ರಸ್ತೆಯ ಎರಡು ಅಂಚು ಕಂಡರೆ ಸಾಕು, ಗಾಡಿ ತಾನಾಗಿ ನಡುವೆ ಹೋಗುತ್ತದೆ. ಹೊಸ ಉಬ್ಬುಗಳಿಗೆ ಬಣ್ಣ ಹಚ್ಚದೆ ಬಿಟ್ಟಿದ್ದಾರೆ, ಎರಡು ಕಡೆ ಸೊಂಟ ಜಜ್ಜಿತು. ಬೇಜವಾಬ್ದಾರಿ ಜನ.

ಬಾಟಲಿ ಒಂದೂ ಹಾರಲಿಲ್ಲ. ನಮ್ಮಲ್ಲಿ ಒಂದು ರೂಢಿ ಇದೆ. ನಾನು ಹ್ಯಾಂಡಲಿಂದ ಬಗ್ಗಿ ಬಾಟಲಿ ಹುಡುಕುವುದಿಲ್ಲ. ಇವಳು ಹಿಂದಿನಿಂದ ಬೆನ್ನಿಗೆ ಎರಡು ಸಲ ತಟ್ಟುತ್ತಾಳೆ, ನಾನು ಒಂದು ಕೈ ಹಿಂದೆ ಚಾಚುತ್ತೇನೆ, ಅವಳು ಮೂತಿ ತೆಗೆದ ಬಾಟಲಿ ಇಡುತ್ತಾಳೆ. ಮೊದಲ ಗುಟುಕು ಮುಂದಿನವನದು, ಉಳಿದದ್ದು ಅವಳದು. ನನ್ನ ತಂಗಿಯ ಗಂಡ ಇದನ್ನು ನೋಡಿ, ಮದುವೆಯಲ್ಲಿ ಮಾಡಿದ ಪ್ರಮಾಣಕ್ಕಿಂತ ಇದೇ ಗಟ್ಟಿ ಎಂದು ತಮಾಷೆ ಮಾಡಿದ್ದ.

ಏಪ್ರಿಲ್ ೨೬, ಭಾನುವಾರ

ಈ ವರ್ಷದ ಡೈರಿಯ ಗೆರೆಗಳು ತೀರಾ ತೆಳು. ಗೆರೆ ಬಿಟ್ಟು ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಆರು ಸಾಲು. ಬರೆದದ್ದನ್ನು ಮತ್ತೆ ಓದುವ ಅಭ್ಯಾಸ ನನಗೆ ಇಲ್ಲ.

ಇವಳಿಗೆ ಹೇಳಬೇಕು ಎಂದು ಮೂರು ಸಲ ಬಾಯಿಗೆ ಬಂತು. ಹೇಳಿದರೆ ಸೈಕಲ್ ಗೋಡೆಗೆ ಒರಗುತ್ತದೆ. ಆಮೇಲೆ ನಾನು ಆ ಗೋಡೆ ನೋಡಿಕೊಂಡು ಕೂರಬೇಕು, ಅದನ್ನೂ ಬದಿಯಿಂದ.

ಮೇ ೯, ಶನಿವಾರ

ನಾಳೆ ಕೊನೆಯ ಅಭ್ಯಾಸ. ಸಂಜೆ ಚೈನು ತೊಳೆದೆ. ಚೈನಿನ ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಾಟಲಿಗೆ ಸುರಿದು, ಬಾಟಲಿಯನ್ನು ಕೇಜಿನಲ್ಲೇ ಇಟ್ಟುಕೊಂಡು, ಬ್ರಷ್ ಅದ್ದಿ ಅದ್ದಿ ಉಜ್ಜುವುದು ಹಳಬರ ಉಪಾಯ. ಬಗ್ಗಿ ಏಳುವ ಕಷ್ಟವಿಲ್ಲ. ಮೊದಲೆಲ್ಲ ಇದಕ್ಕೆಂದೇ ತಲೆ ಕತ್ತರಿಸಿದ ಹಳೆಯ ಬಾಟಲಿ ಇತ್ತು, ಅದೂ ಬೂಷ್ಟು ಹಿಡಿದವುಗಳ ಜೊತೆ ಕಸಕ್ಕೆ ಹೋಗಿದೆ. ಹೊಸದರಲ್ಲೇ ಒಂದನ್ನು ತೆಗೆದುಕೊಂಡೆ. ಮುಗಿದಾಗ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ನಾಳೆ ಬಂದು ಗೇರಿನ ಹಲ್ಲು ಉಜ್ಜಬಹುದು. ಮುಚ್ಚಳ ಹಾಕಿ, ಗುರುತಿಗೆ ಕೆಂಪು ಟೇಪು ಸುತ್ತಿ, ಮಿಕ್ಕ ಮೂರರ ಪಕ್ಕದಲ್ಲಿ ಇಟ್ಟೆ. ಕೈಯೆಲ್ಲ ನಿಂಬೆಯ ವಾಸನೆ. ಈಗಿನವರು ಜಿಡ್ಡು ತೆಗೆಯುವುದಕ್ಕೂ ಸುಗಂಧ ಹಾಕುತ್ತಾರೆ.

ಮೇ ೧೦, ಭಾನುವಾರ

ಇವಳು ಆಸ್ಪತ್ರೆಯಲ್ಲಿದ್ದಾಳೆ.

ಮೇ ೧೧, ಸೋಮವಾರ

ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಬೆಳಿಗ್ಗೆ ಬಾಟಲಿ ತುಂಬಿಸುವುದು ನನ್ನ ಕೆಲಸ. ಮೂರು ತುಂಬಿಸಿದೆ. ನಾಲ್ಕನೆಯದನ್ನು ಎತ್ತಿದರೆ ಭಾರವಿತ್ತು, ಇವಳು ಆಗಲೇ ತುಂಬಿಸಿದ್ದಾಳೆ ಅಂದುಕೊಂಡೆ. ಟೇಪಿನ ನೆನಪು ಇತ್ತು. ಅದಕ್ಕೇ ಪ್ರತಿಯೊಂದನ್ನೂ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಯಾವುದರಲ್ಲೂ ಟೇಪಿರಲಿಲ್ಲ. ದ್ರಾವಣದ ಬಾಟಲಿಯನ್ನು ಇವಳು ಎಲ್ಲೋ ಎತ್ತಿಟ್ಟಿರಬೇಕು ಅಂದುಕೊಂಡೆ. ನಾಲ್ಕು ಬಾಟಲಿಯೂ ನನ್ನ ಕೈಯಲ್ಲೇ ಇದ್ದವು, ಎಣಿಸಿದೆ, ನಾಲ್ಕು. ಆದರೂ ಹಾಗೆ ಅಂದುಕೊಂಡೆ.

ನಲವತ್ತನೇ ಕಿಲೋಮೀಟರಿನ ಹತ್ತಿರ ಸಾಲುಮರ. ರಸ್ತೆಯ ಮೇಲೆ ಚುಕ್ಕೆ ಚುಕ್ಕೆ ನೆರಳು, ನೆರಳು ಯಾವುದು ಗುಂಡಿ ಯಾವುದು ತಿಳಿಯುತ್ತಿರಲಿಲ್ಲ. ಇವಳು ಬೆನ್ನಿಗೆ ಎರಡು ಸಲ ತಟ್ಟಿದಳು. ಹ್ಯಾಂಡಲಿಂದ ಕೈ ಬಿಡಲು ನನಗೆ ಧೈರ್ಯ ಬರಲಿಲ್ಲ. ನೀನೇ ಕುಡಿ ಎಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ.

"ನಿಂಬೆ ವಾಸನೆ ಬರ್ತಿದೆ. ಪರವಾಗಿಲ್ವೇ, ಹಣ್ಣು ಹಿಂಡಿದ್ದೀರಾ?" ಎಂದಳು.

ನಾನು ಹಿಂಡಿರಲಿಲ್ಲ. ಹೂಂ ಎಂದೆ. ರಸ್ತೆ ನೋಡುವ ಗಡಿಬಿಡಿಯಲ್ಲಿ, ಒಂದು ಒಳ್ಳೆಯ ಮಾತು ತಾನಾಗಿ ಬಂತು, ಬರಲಿ ಎಂದು ಹೂಂ ಎಂದೆ. ಬಾಯಾರಿದ್ದಳು, ಬಾಟಲಿಯನ್ನು ಜೋರಾಗಿ ಹಿಂಡಿ ಎರಡು ಗುಟುಕು ಒಟ್ಟಿಗೆ ನುಂಗಿದಳು. ಹಿಂದಿನಿಂದ ಬಂದ ಕೆಮ್ಮು ಕೆಮ್ಮಿನ ಹಾಗಿರಲಿಲ್ಲ.

ಗಂಟಲು ಸುಟ್ಟಿದೆ. ಸ್ವಲ್ಪ ಶ್ವಾಸಕೋಶಕ್ಕೂ ಹೋಗಿದೆ. ಜೀವಕ್ಕೆ ಅಪಾಯವಿಲ್ಲ ಎಂದರು. ಎರಡು ವಾರ ಮಾತಾಡಬಾರದು, ಆಮೇಲೆ ಧ್ವನಿ ಎಷ್ಟು ಬರುತ್ತದೋ ನೋಡಬೇಕು ಎಂದರು. ನಲವತ್ತು ಮಕ್ಕಳ ಗಲಾಟೆಯನ್ನು ಒಂದೇ ಮಾತಿಗೆ ನಿಲ್ಲಿಸುವ ಗಂಟಲು ಅದು.

ಮೇ ೧೨, ಮಂಗಳವಾರ

ನಾದಿನಿ, ಇವಳ ತಂಗಿ, ಬಂದಿದ್ದಾಳೆ. ಔಷಧಿ ಅಂಗಡಿ ಇಟ್ಟುಕೊಂಡು ಊರಿನ ಡಾಕ್ಟರುಗಳ ಕೈಬರಹವನ್ನೆಲ್ಲ ಓದಿ ಪಳಗಿದವಳು, ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ. ಏನಾಯಿತು ಎಂದು ಕೇಳಿದಳು. ಟೇಪು ಬಿಚ್ಚಿಕೊಂಡು ಬಿದ್ದುಹೋಗಿತ್ತು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ, ಈಗಿನ ಟೇಪಿಗೆ ಅಂಟೇ ಇಲ್ಲ ಎಂದೆ. ಅವಳು ಮನೆಗೆ ಹೋಗಿ ಸೈಕಲ್ಲಿನಿಂದ ಆ ಬಾಟಲಿ ಬಿಚ್ಚಿಕೊಂಡು ಬಂದಳು. ಯಾವ ದ್ರಾವಣವೆಂದು ಡಾಕ್ಟರಿಗೆ ತೋರಿಸಬೇಕಿತ್ತಂತೆ.

"ಭಾವ, ಟೇಪು ಇಲ್ಲೇ ಇದ್ಯಲ್ಲ" ಎಂದಳು.

ಕೊಡು ಎಂದು ಇಸಕೊಂಡೆ. ನೇರ ನೋಡಿದರೆ ಕಪ್ಪು ಬಾಟಲಿ. ಬೆರಳಾಡಿಸಿದೆ. ಎರಡು ಸುತ್ತು, ಅಂಚು ನೀಟಾಗಿ ಕತ್ತರಿಸಿದ ಟೇಪು, ನಾನೇ ಸುತ್ತಿದ್ದು, ಬಿಗಿಯಾಗಿ ಅಂಟಿಕೊಂಡಿತ್ತು. ಬೆಳಿಗ್ಗೆಯೂ ಬೆರಳಾಡಿಸಬಹುದಿತ್ತು. ಆದರೆ ಬೆರಳಿಂದ ಹುಡುಕಿದರೆ ಕಣ್ಣು ಹೋಗಿದೆ ಎಂದು ಒಪ್ಪಿದ ಹಾಗಲ್ಲವೇ.

ಮೇ ೧೩, ಬುಧವಾರ

ಇವಳಿಗೆ ಇವತ್ತು ಎದ್ದು ಕೂರಲು ಬಿಟ್ಟಿದ್ದಾರೆ. ಮೂಗಿನ ನಳಿಕೆ ತೆಗೆದಿದ್ದಾರೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಏನೇನೋ ಮಾತಾಡಿದೆ. ಶಾಲೆಯಿಂದ ಫೋನ್ ಬಂದಿತ್ತು ಎಂದೆ, ಪಂಡಿತ ವಿಚಾರಿಸಿದ ಎಂದೆ. ಅವಳು ಚೀಟಿಯೊಂದರ ಮೇಲೆ ಏನೋ ಬರೆದು ನನ್ನ ಮುಂದೆ ಹಿಡಿದಳು. ಮಕ್ಕಳಿಗೆ ಕಾಪಿ ಬರೆಸುವ ದುಂಡು ಅಕ್ಷರ ಅವಳದು, ಅದು ನನಗೆ ಗೊತ್ತು. ಚೀಟಿಯ ನಡುವೆ ಒದ್ದೆ ಬೆರಳಿಂದ ಒರೆಸಿದ ಹಾಗೆ ಬೂದು ಕಲೆ. ತಲೆ ಓರೆ ಮಾಡಿದರೆ ಇನ್ನೊಂದು ಮೂಲೆ ಕಾಣುತ್ತಿತ್ತು, ಅದರಲ್ಲಿ ಏನೂ ಬರೆದಿರಲಿಲ್ಲ.

ಮನೆಯಿಂದ ಏನಾದರೂ ಬೇಕಾಗಿರಬೇಕು ಅಂದುಕೊಂಡೆ. "ಆಯ್ತು, ನಾಳೆ ತಂದುಕೊಡ್ತೀನಿ" ಎಂದೆ.

ಅವಳು ಚೀಟಿಯನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಮಡಿಸಿ ದಿಂಬಿನ ಪಕ್ಕ ಇಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ದಣಿದಿರಬೇಕು. ಮನೆಗೆ ಬಂದು ಅವಳು ಏನು ಕೇಳಿರಬಹುದು ಎಂದು ಯೋಚಿಸಿ ಬಾಚಣಿಗೆ, ಹೊದಿಕೆ, ಕನ್ನಡಕ, ಚಪ್ಪಲಿ, ಮಕ್ಕಳ ಉತ್ತರಪತ್ರಿಕೆಗಳ ಕಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿದ್ದೇನೆ. ಯಾವುದಾದರೂ ಒಂದು ಹೊಂದೇ ಹೊಂದುತ್ತದೆ.

ಮೇ ೧೪, ಗುರುವಾರ

ಚೀಲ ಹೊತ್ತುಕೊಂಡು ಹೋದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾದಿನಿ ಕೂತಿದ್ದಳು. ಇಷ್ಟೆಲ್ಲ ಏನು ಭಾವ ಎಂದಳು. ನಿಮ್ಮಕ್ಕ ನಿನ್ನೆ ಬರೆದು ಕೇಳಿದಳಲ್ಲ, ಅದು ಎಂದೆ.

ಅವಳು ಚೀಲದೊಳಗೆ ಇಣುಕಿದಳು. ಕೈಚೀಲದಿಂದ ಆ ಚೀಟಿಯನ್ನು ತೆಗೆದಳು.

"ಅಕ್ಕ ಇದನ್ನ ನಿಮಗೆ ಓದಿ ಹೇಳು ಅಂತ ಕೊಟ್ಟಿದ್ದಾಳೆ. ಇದರಲ್ಲಿ ಒಂದೇ ಸಾಲು ಇರೋದು ಭಾವ. 'ಇದನ್ನ ಓದೋದಕ್ಕೆ ಆಗ್ತಿದ್ಯಾ ನಿಮಗೆ?' ಅಂತ."

ಬೆಂಚಿನ ಮೇಲೆ ಕೂತೆ. ಚೀಲ ನನ್ನ ತೊಡೆಯ ಮೇಲಿತ್ತು. ನಾದಿನಿ ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಮಾತ್ರ ಕೇಳಿದಳು. ಮಾರ್ಚ್ ಮೂರರಿಂದ ಎಂದೆ. ಅದೂ ಸುಳ್ಳು. ಮಾರ್ಚ್ ಮೂರು ಡಾಕ್ಟರು ಹೇಳಿದ ದಿನ. ಅದಕ್ಕೂ ಮುಂಚೆ ಒಂದು ವರ್ಷದಿಂದ ನಾನು ದಿನಪತ್ರಿಕೆಯ ತಲೆಬರಹ ಮಾತ್ರ ಓದಿ ಮಡಿಸಿಡುತ್ತಿದ್ದೆ.

ಒಳಗೆ ಹೋಗಲು ಆಗಲಿಲ್ಲ. ಚೀಲವನ್ನು ನಾದಿನಿಯ ಕೈಗೆ ಕೊಟ್ಟು ವಾಪಸು ಬಂದೆ.

ಮೇ ೧೭, ಭಾನುವಾರ

ಕೆರೆ ಸುತ್ತಿನ ದಿನ. ಆಸ್ಪತ್ರೆಗೆ ಹೋಗಿ ಇವಳಿಗೆ ಎಲ್ಲ ಹೇಳಿದೆ. ಡಾಕ್ಟರ ಚೀಟಿ, ಕೊಳವೆ, ಬಿಳಿ ಬಾಟಲಿ ಹಳದಿ ಬಾಟಲಿ, ನಿಂಬೆಹಣ್ಣಿಗೆ ಅಂದ ಹೂಂ. ಹೇಳುತ್ತಾ ಹೋದರೆ ಹತ್ತು ನಿಮಿಷದ ವಿಷಯ. ಇದಕ್ಕೆ ಎರಡೂವರೆ ತಿಂಗಳು ಬೇಕಾಯಿತು, ಅವಳ ಗಂಟಲೂ ಬೇಕಾಯಿತು. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆ ಇಲ್ಲ.

ಅವಳು ಏನೂ ಬರೆಯಲಿಲ್ಲ. ಬರೆದರೂ ನನಗೆ ಪ್ರಯೋಜನವಿಲ್ಲ, ಅದು ಅವಳಿಗೆ ಗೊತ್ತು. ಕೈ ಹಿಡಿಯಲು ಹೋದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಮೇ ೩೧, ಭಾನುವಾರ

ಇವಳು ಮನೆಗೆ ಬಂದು ಒಂಬತ್ತು ದಿನವಾಯಿತು. ಧ್ವನಿ ಬಂದಿದೆ, ಮರಳುಕಾಗದ ಉಜ್ಜಿದ ಹಾಗೆ. ಫೋನಿನಲ್ಲಿ ಅವಳ ಅಮ್ಮನಿಗೇ ಗುರುತು ಸಿಗಲಿಲ್ಲ. ಜೂನಿನಿಂದ ತರಗತಿಯ ಬದಲು ಗ್ರಂಥಾಲಯ ನೋಡಿಕೊಳ್ಳಿ ಎಂದು ಶಾಲೆಯವರು ಹೇಳಿದ್ದಾರೆ. ಅಲ್ಲಿ ಯಾರೂ ಜೋರಾಗಿ ಮಾತಾಡಬೇಕಾಗಿಲ್ಲವಂತೆ. ಇದನ್ನು ಅವಳು ನನಗೆ ಹೇಳಿದ್ದು ಪಾತ್ರೆ ಒರೆಸುತ್ತಾ, ಹಾಲು ಒಡೆಯಿತು ಎಂದು ಹೇಳುವಷ್ಟು ತಣ್ಣಗೆ. ನಾಲ್ಕೂ ಬಾಟಲಿಗಳನ್ನು ಅವಳೇ ಕಸದ ಗಾಡಿಗೆ ಹಾಕಿದಳು.

ಜೂನ್ ೭, ಭಾನುವಾರ

ಬೆಳಿಗ್ಗೆ ಸೈಕಲ್ಲಿನ ಮುಂದಿನ ಸೀಟನ್ನು ಇವಳ ಎತ್ತರಕ್ಕೆ ಇಳಿಸಿದೆ, ಹಿಂದಿನದನ್ನು ನನ್ನ ಎತ್ತರಕ್ಕೆ ಏರಿಸಿದೆ. ಕಣ್ಣು ಬೇಕಾಗಲಿಲ್ಲ, ಬೆರಳಲ್ಲೇ ಅಳತೆ ಸಿಕ್ಕಿತು. ಇವಳನ್ನು ಕರೆದು, ಇನ್ನು ಮೇಲೆ ನೀನು ಮುಂದೆ, ನಾನು ಹಿಂದೆ ಎಂದೆ. ಹೇಳುವಾಗ ಒಳಗೊಳಗೇ ಹೆಮ್ಮೆಯಾಗಿತ್ತು. ದೊಡ್ಡದೊಂದನ್ನು ಬಿಟ್ಟುಕೊಡುತ್ತಿದ್ದೇನೆ, ಅವಳಿಗೆ ಅದು ತಿಳಿಯಬೇಕು ಎಂದಿತ್ತು.

ಅವಳು ಸೀಟಿನ ಮೇಲೆ ಕೈಯಿಟ್ಟು ನಿಂತಳು, ಹತ್ತಲಿಲ್ಲ.

"ಒಂದು ಕೇಳ್ತೀನಿ. ಹೂಂ ಅಂದ್ಬಿಡಬೇಡಿ. ಏಪ್ರಿಲ್ಲಲ್ಲಿ ಮಾರುಕಟ್ಟೆ ಇಳಿಜಾರಲ್ಲಿ ಒಬ್ರು ಅಜ್ಜಿ ಅಡ್ಡ ಬಂದ್ರಲ್ಲ, ಮಗು ಎತ್ಕೊಂಡು. ಅವರು ನಿಮಗೆ ಕಂಡಿದ್ರಾ?"

"ಯಾವ ಅಜ್ಜಿ?" ಎಂದೆ.

ಅವಳು ತಲೆಯಾಡಿಸಿದಳೋ ಏನೋ, ನನಗೆ ಕಾಣಲಿಲ್ಲ. ಆ ಹೊಸ ಧ್ವನಿ ಮಾತ್ರ ಬಂತು.

"ಗೇಣು ಜಾಗ ಇತ್ತು ಅಷ್ಟೇ. ನಾನು ಕೂಗಲಿಲ್ಲ. ನೀವು ನೋಡಿರ್ತೀರಿ, ಅಳತೆ ಬಲ್ಲೋರು, ಗೊತ್ತಿದ್ದೇ ಅಷ್ಟು ಹತ್ರ ತಗೊಂಡ್ರಿ ಅಂದ್ಕೊಂಡೆ. ನಮ್ಮ ಭಾವ ಬಿಟ್ರೆ ಇನ್ಯಾರಿಗೂ ಆಗಲ್ಲ ಅಂತ ತಂಗಿನೂ ಮೆಚ್ಕೊಂಡ್ಳು, ನಾನು ಹೇಳಿದ್ದು ಕೇಳಿ."

ಅವಳು ಒಳಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತು ಆ ಅಜ್ಜಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಇಳಿಜಾರು ನೆನಪಿದೆ, ಮುಖಕ್ಕೆ ಬಡಿದ ಗಾಳಿ ನೆನಪಿದೆ, ಅಲ್ಲಿ ಬ್ರೇಕು ಹಿಡಿಯದೆ ಇಳಿದ ಖುಷಿಯೂ ನೆನಪಿದೆ. ಅಜ್ಜಿ ಬರುತ್ತಿಲ್ಲ, ಮಗುವೂ ಬರುತ್ತಿಲ್ಲ. ನೆನಪಿಗೆ ಬರಬೇಕಾದರೆ ಅವರು ಒಮ್ಮೆಯಾದರೂ ನನ್ನ ಕಣ್ಣಿಗೆ ಬಿದ್ದಿರಬೇಕಿತ್ತು.